ಗೋಡೆ ಪತ್ರಿಕೆ ಗುಂಪಿನವರಿಗೆ: ಶನಿವಾರದೊಳಗೆ ಒಂದು ಸುದ್ದಿ

ಮಕ್ಕಳೇ, ಕೊಪ್ಪಳದ ಸಂತೆ ಬಗ್ಗೆ ನೀವು ಬರೆದದ್ದನ್ನು ಓದಿದೆ. ಜಾಸ್ತಿ ಜನ ‘ಸಂತೆ ಎಂದರೆ ಎಲ್ಲರಿಗೂ ಇಷ್ಟ’ ಅಂತ ಶುರು ಮಾಡಿದ್ದೀರಿ. ಅದು ಪ್ರಬಂಧವಾಯಿತು, ಸುದ್ದಿಯಾಗಲಿಲ್ಲ.

ಈ ಸಾಲು ನೋಡಿ: ‘2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತು.’ ಏನು, ಎಲ್ಲಿ, ಯಾವಾಗ, ಹೇಗೆ, ಎಲ್ಲವೂ ಬಂತು. ಒಟ್ಟು 33 ಗೇಟ್ ಇವೆ ಅನ್ನುವುದು ಕೆಳಗೆ ಬಂದರೂ ನಡೆಯುತ್ತದೆ. ಜಾಗ ಸಾಲದಿದ್ದರೆ ಕತ್ತರಿ ಬೀಳುವುದು ಕೊನೆಯ ಸಾಲಿಗೇ ಅಲ್ವಾ?

ಈ ವಾರ ಟೊಮೆಟೊ ರೇಟಿನ ಸುದ್ದಿ ತನ್ನಿ. ಸುಮ್ನೆ ‘ರೇಟು ಬಿದ್ದಿದೆ’ ಅನ್ನಬೇಡಿ. ಹೋದ ವಾರ ಬಾಕ್ಸಿಗೆ ಎಷ್ಟಿತ್ತು, ಈಗ ಎಷ್ಟು, ಹೇಳಿದವರು ಯಾರು? ರೈತರನ್ನೂ ಕೇಳಿ, ದಲ್ಲಾಳಿಯನ್ನೂ ಕೇಳಿ. ಇಬ್ಬರ ಲೆಕ್ಕ ಬೇರೆ ಬಂದರೆ ಎರಡನ್ನೂ ಬರೆಯಿರಿ, ನೀವೇ ತೀರ್ಪು ಕೊಡಬೇಡಿ. ಹೆಸರು, ಊರು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ಫೋಟೊ ತೆಗೆಯುವ ಮುಂಚೆ ಒಪ್ಪಿಗೆ ಕೇಳಿ. ವಾಟ್ಸ್‌ಆ್ಯಪ್ ಫಾರ್ವರ್ಡ್ ತಂದವರ ಹಾಳೆ ವಾಪಸ್!

ಪತ್ರಿಕೆಯನ್ನು ಜುಲೈ 1ಕ್ಕೆ ಗೋಡೆಗೆ ಹಾಕೋಣ. 1843ರಲ್ಲಿ ಅದೇ ದಿನ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದಿತ್ತು, ಅದೂ ಕಲ್ಲಚ್ಚಿನಲ್ಲಿ, ಅಂದರೆ ಕಲ್ಲಿನ ಮೇಲೆ ಬರೆದು ಅದರಿಂದ ಅಚ್ಚೊತ್ತಿ. ನಮಗೆ ಸ್ಕೆಚ್ ಪೆನ್ ಸಾಕು. ಹಾಳೆಯ ಒಂದೇ ಬದಿಗೆ ಬರೆಯಿರಿ.