ಬಿಸಾಡುವುದಕ್ಕೇ ಅಚ್ಚಾದದ್ದನ್ನು ಗೋಡೆಗೆ ಹಾಕುವ ಬಗೆ

ಬ್ರಸೆಲ್ಸ್

ಪ್ರೀತಿಯ ಪುಟ್ಟಿ,

ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ನಾನಿಲ್ಲಿ ಕ್ಷೇಮ. ನಿನ್ನ ಕಾಗದದಲ್ಲಿ ಎರಡು ಪ್ರಶ್ನೆ ಇದ್ದವು. ಅಪ್ಪನದು: ಓದಿ ಬಿಸಾಡುವ ಕಾಮಿಕ್ಸ್‌ಗೆ ಗಾಜಿನ ಪೆಟ್ಟಿಗೆ, ಮ್ಯೂಸಿಯಂ ಎಲ್ಲ ಯಾಕೆ? ನಿನ್ನದು: ಕಾಮಿಕ್ಸ್ ಪುಟ, ಅನಿಮೇಶನ್ ಸೆಲ್ (ಕಾರ್ಟೂನ್ ಸಿನಿಮಾಕ್ಕೆ ಚಿತ್ರ ಬರೆಯುತ್ತಿದ್ದ ಪಾರದರ್ಶಕ ಹಾಳೆ), ತಿರುಗಿಸಿದರೆ ಚಿತ್ರ ಕುಣಿಯುವ ಡಬ್ಬಿ ಇವನ್ನಿಟ್ಟು ಒಂದು ಸಣ್ಣ ಪ್ರದರ್ಶನ ಮಾಡಬೇಕಾದರೆ ಏನೇನು ನೋಡಿಕೊಳ್ಳಬೇಕು?

ಎರಡಕ್ಕೂ ಉತ್ತರದ ಬುಡ ಒಂದೇ. ಇವೆಲ್ಲ ಉಳಿಯಲಿ ಎಂದು ಮಾಡಿದ ವಸ್ತುಗಳೇ ಅಲ್ಲ. ಕಾಗದ ಅಗ್ಗದ್ದು, ಅಂಟು ಅಗ್ಗದ್ದು, ಬಣ್ಣ ಒಂದು ಸಲ ಕ್ಯಾಮೆರಾದ ಕೆಳಗೆ ಹೋಗಿ ಬಂದರೆ ಸಾಕು ಎಂದು ಬಳಿದದ್ದು. ಸಾವಿರ ವರ್ಷದ ಕಲ್ಲಿನ ವಿಗ್ರಹಕ್ಕಿಂತ ಐವತ್ತು ವರ್ಷದ ಕಾಮಿಕ್ಸ್ ಪುಟವನ್ನು ತೋರಿಸುವುದು ಕಷ್ಟ ಎಂದರೆ ಅಪ್ಪ ನಗಬಹುದು, ಆದರೆ ಅದು ನಿಜ.

ಇಲ್ಲಿನ ಕಾಮಿಕ್ಸ್ ಮ್ಯೂಸಿಯಂ 1989ರಿಂದ ನಡೆಯುತ್ತಿದೆ. ವಾಸ್ತುಶಿಲ್ಪಿ ವಿಕ್ಟರ್ ಹೋರ್ಟಾ 1906ರಲ್ಲಿ ಕಟ್ಟಿಸಿದ ಬಟ್ಟೆ ಮಳಿಗೆ ಅದು. ಮೇಲೆಲ್ಲ ಗಾಜಿನ ಚಾವಣಿ, ಒಳಗೆ ಸೊಗಸಾದ ಬೆಳಕು. ಕಣ್ಣಿಗೆ ಹಬ್ಬ, ಕಾಗದಕ್ಕೆ ಶತ್ರು. ಅದಕ್ಕೇ ಇಂಥ ಮ್ಯೂಸಿಯಂಗಳಲ್ಲಿ ಮೂಲ ಪುಟಗಳನ್ನು ಮಬ್ಬು ಬೆಳಕಿನ ಕೋಣೆಗಳಲ್ಲಿಟ್ಟು, ಕೆಲವು ತಿಂಗಳಿಗೊಮ್ಮೆ ಬದಲಿಸುತ್ತಾರೆ. ಕಳೆದ ಸಲ ಕಂಡ ಪುಟ ಈ ಸಲ ಕಾಣಲಿಲ್ಲವೆಂದರೆ ಅದು ಕತ್ತಲೆಯಲ್ಲಿ ವಿಶ್ರಾಂತಿಯಲ್ಲಿದೆ ಎಂದರ್ಥ.

ಮೊದಲು ಹೀಗಿರಲಿಲ್ಲ. 1967ರಲ್ಲಿ ಪ್ಯಾರಿಸ್‌ನ ಅಲಂಕಾರ ಕಲೆಗಳ ಮ್ಯೂಸಿಯಂನಲ್ಲಿ ಕಾಮಿಕ್ಸ್ ಬಗ್ಗೆ ದೊಡ್ಡ ಪ್ರದರ್ಶನ ನಡೆದಾಗ ಗೋಡೆ ತುಂಬ ಇದ್ದದ್ದು ಬಹುಪಾಲು ಚೌಕಗಳನ್ನು ಹಿಗ್ಗಿಸಿ ತೆಗೆದ ಫೋಟೋಗಳು. ಕಾಮಿಕ್ಸ್ ಕಲೆಯೆನಿಸಬೇಕಾದರೆ ಅದು ಪೇಂಟಿಂಗಿನಷ್ಟು ದೊಡ್ಡದಾಗಬೇಕು ಎಂಬ ಭಾವನೆ. ಈಗ ಆ ಹಟ ಇಲ್ಲ. 2024ರಲ್ಲಿ ಅದೇ ಪ್ಯಾರಿಸ್‌ನ ಪಾಂಪಿಡೂ ಕಲಾ ಕೇಂದ್ರ ಕಾಮಿಕ್ಸ್‌ಗೆ ತನ್ನ ಹಲವು ಮಹಡಿಗಳನ್ನೇ ಬಿಟ್ಟುಕೊಟ್ಟಿತ್ತು, ಅಲ್ಲಿ ಮೂಲ ಪುಟಗಳಿಗೇ ಮೊದಲ ಮರ್ಯಾದೆ. ನೀನೂ ಹಿಗ್ಗಿಸಿದ ಪ್ರಿಂಟ್‌ಗಳ ಮೋಹ ಬಿಡು. ಬಾಗಿಲ ಬಳಿ ಒಂದಿದ್ದರೆ ಸಾಕು, ಫೋಟೋ ತೆಗೆಸಿಕೊಳ್ಳುವವರ ಗುಂಪು ಅಲ್ಲೇ ನಿಂತು ಒಳಗೆ ಜಾಗ ಆಗುತ್ತದೆ.

ಮೂಲ ಪುಟದಲ್ಲಿ ಏನು ನೋಡಬೇಕು ಅನ್ನುವುದನ್ನು ಅಪ್ಪನಿಗೆ ಹೀಗೆ ವಿವರಿಸು. ಅಮೆರಿಕದ ಕಾಮಿಕ್ಸ್ ಪುಸ್ತಕದ ಪುಟವನ್ನು ಸುಮಾರು 1967ರ ನಂತರ 10×15 ಇಂಚಿನ ಚೌಕಟ್ಟಿನೊಳಗೆ ಬರೆಯುವುದು ರೂಢಿಯಾಯಿತು. ಅಚ್ಚಾಗುವಾಗ ಅದು ಮೂರರಲ್ಲಿ ಎರಡು ಪಾಲಿಗೆ ಕುಗ್ಗುತ್ತದೆ, ಕೈನಡುಕವೂ ಅಷ್ಟೇ ಕುಗ್ಗುತ್ತದೆ. ಹಾಗಾಗಿ ಮೂಲದಲ್ಲಿ ಗೆರೆ ಒರಟಾಗಿ ಕಂಡರೆ ಅದು ದೋಷವಲ್ಲ, ಲೆಕ್ಕಾಚಾರ. ತಿಳಿನೀಲಿ ಪೆನ್ಸಿಲಿನ ಗೀಚು ಅಲ್ಲಲ್ಲಿ ಹಾಗೇ ಉಳಿದಿರುತ್ತದೆ. ಅಚ್ಚಿಗೆ ಫೋಟೋ ತೆಗೆಯುತ್ತಿದ್ದ ಫಿಲ್ಮಿಗೆ ಆ ನೀಲಿಯೂ ಬಿಳಿಯೂ ಒಂದೇ, ಅದಕ್ಕೆ ಅಳಿಸುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಒಂದು ಮುಖದ ಮೇಲೆ ಬಿಳಿ ಬಣ್ಣ ಬಳಿದು ಮೇಲೆ ಇನ್ನೊಂದು ಮುಖ ಬರೆದಿರುತ್ತಾರೆ. ಮಾತಿನ ಗುಳ್ಳೆಯಲ್ಲಿ ಬೇರೆ ಕಾಗದದ ಚೂರು ಅಂಟಿಸಿರುತ್ತಾರೆ, ಅದರ ಸುತ್ತ ಕಂದು ಬಣ್ಣದ ಅಂಚು. ಅದು ರಬ್ಬರ್ ಅಂಟು ಹಳತಾಗಿ ಕಾಗದಕ್ಕೆ ಇಳಿದ ಕಲೆ. ಅಂಟು ಒಣಗಿದ ಮೇಲೆ ಆ ಚೂರು ಕಳಚಿ ಬೀಳುತ್ತದೆ, ಮಾತಿಲ್ಲದ ಗುಳ್ಳೆ ಮಾತ್ರ ಉಳಿಯುತ್ತದೆ. ಅಚ್ಚಾದ ಪುಸ್ತಕದಲ್ಲಿ ಇದ್ಯಾವುದೂ ಕಾಣುವುದಿಲ್ಲ. ಮ್ಯೂಸಿಯಂಗೆ ಹೋಗುವುದೇ ಇದಕ್ಕೆ: ಕಥೆ ಓದುವುದಕ್ಕಲ್ಲ, ಕಥೆಗಾರ ಎಲ್ಲಿ ಮನಸ್ಸು ಬದಲಿಸಿದ ಎಂದು ನೋಡುವುದಕ್ಕೆ.

ಈಗ ನಿನ್ನ ಕೆಲಸ. ಎಲ್ಲಕ್ಕಿಂತ ಮೊದಲು ಒಂದು ಲಕ್ಸ್ ಮೀಟರ್ ಹೊಂದಿಸಿಕೋ. ವಸ್ತುವಿನ ಮೇಲೆ ಬೀಳುವ ಬೆಳಕನ್ನು ಅಳೆಯುವ ಮಾನ ಲಕ್ಸ್. ಕಾಗದಕ್ಕೆ 50 ಲಕ್ಸ್ ಮೀರಬಾರದು. ಆಫೀಸಿನ ಮೇಜಿನ ಮೇಲೆ ಸಾಮಾನ್ಯವಾಗಿ 300ರಿಂದ 500 ಲಕ್ಸ್ ಇರುತ್ತದೆ ಎಂದರೆ ಎಷ್ಟು ಮಬ್ಬು ಅಂತ ಅಂದಾಜು ಮಾಡಿಕೋ. ತೀರಾ ಬೇಗ ಮಾಸುವ ಬಣ್ಣಗಳಿಗೆ ವರ್ಷಕ್ಕೆ 15,000 ಲಕ್ಸ್-ಗಂಟೆ (ಲಕ್ಸ್ ಅನ್ನು ಗಂಟೆಯಿಂದ ಗುಣಿಸಿದ್ದು) ಎಂಬ ಮಿತಿ ಹಾಕಿದ್ದಾರೆ. ದಿನಕ್ಕೆ 8 ಗಂಟೆ, 50 ಲಕ್ಸ್ ಅಂದರೆ ದಿನಕ್ಕೆ 400. 37 ದಿನಕ್ಕೆ ವರ್ಷದ ಕೋಟಾ ಮುಗಿಯಿತು. ಅದೇ ಪುಟಕ್ಕೆ 200 ಲಕ್ಸ್ ಬಿಟ್ಟೆಯೋ, ಒಂಬತ್ತೇ ದಿನ. ಬೆಳಕಿನ ಹಾನಿ ಕೂಡುತ್ತಾ ಹೋಗುತ್ತದೆ, ಕತ್ತಲೆಯಲ್ಲಿಟ್ಟರೆ ನಿಲ್ಲುತ್ತದೆಯೇ ಹೊರತು ಹಿಂದಕ್ಕೆ ಬರುವುದಿಲ್ಲ. ಇಂಗಾಲದ ಕಪ್ಪು ಶಾಯಿ ಗಟ್ಟಿ, ಅದಕ್ಕೆ ಅಷ್ಟು ಭಯವಿಲ್ಲ. ಫೆಲ್ಟ್ ಪೆನ್ನಿನ ಶಾಯಿ ಮತ್ತು ಬಣ್ಣದ ಮಾದರಿ ಹಾಳೆಗಳಿಗೆ ಬಳಸುತ್ತಿದ್ದ ನೀರಿನ ಡೈಗಳು ಮೊದಲು ಹೋಗುತ್ತವೆ. ಕಿಟಕಿಯ ಬಿಸಿಲಿನ ಜತೆ ಮಾತುಕತೆಯೇ ಬೇಡ, ಮುಚ್ಚಿಬಿಡು.

ಕಣ್ಣಿಗೆ 50 ಲಕ್ಸ್ ಸಾಲದು ಅನ್ನಿಸುವುದು ಬೆಳಕು ಕಡಿಮೆ ಎಂದಲ್ಲ, ಹೊರಗಿನ ಬಿಸಿಲಿಂದ ನೇರ ಒಳಗೆ ಬಂದದ್ದಕ್ಕೆ. ಬಾಗಿಲ ಬಳಿ ಒಂದಿಷ್ಟು ದೂರ ಬೆಳಕನ್ನು ಹಂತಹಂತವಾಗಿ ಇಳಿಸು, ಪರಿಚಯದ ಫಲಕವನ್ನು ಅಲ್ಲಿಡು. ಜನ ಅದನ್ನು ಓದಿ ಮುಗಿಸುವಷ್ಟರಲ್ಲಿ ಕಣ್ಣು ಹೊಂದಿಕೊಂಡಿರುತ್ತದೆ.

ಪುಟವನ್ನು ಕೂರಿಸುವಾಗ ಸೆಲ್ಲೋಟೇಪು, ಎರಡೂ ಕಡೆ ಅಂಟಿನ ಟೇಪು, ಫೆವಿಕಾಲ್ ಹತ್ತಿರಕ್ಕೂ ತರಬೇಡ. ಆಮ್ಲರಹಿತ ರಟ್ಟಿನ ಮೇಲೆ ಪುಟ ಇಟ್ಟು, ನಾಲ್ಕು ಮೂಲೆಗೆ ಪಾಲಿಯೆಸ್ಟರ್ ಹಾಳೆಯ ತ್ರಿಕೋನ ಜೇಬು ಮಾಡಿ ಸಿಕ್ಕಿಸು. ಅಂಟು ರಟ್ಟಿಗೆ ತಾಗಬೇಕು, ಪುಟಕ್ಕಲ್ಲ. ಜೇಬಿನಲ್ಲಿ ಒಂದೆರಡು ಮಿಲಿಮೀಟರ್ ಸಡಿಲ ಬಿಡು. ಗಾಳಿಯ ತೇವ ಏರಿಳಿದಂತೆ ಕಾಗದ ಹಿಗ್ಗಿ ಕುಗ್ಗುತ್ತದೆ, ಬಿಗಿ ಹಿಡಿದರೆ ನಡುವೆ ಉಬ್ಬುತ್ತದೆ. ಮೇಲೆ ಕಿಟಕಿಯಂತೆ ಕತ್ತರಿಸಿದ ಇನ್ನೊಂದು ರಟ್ಟು ಬಂದರೆ ಗಾಜು ಪುಟಕ್ಕೆ ತಾಗುವುದಿಲ್ಲ. ಕಿಟಕಿಯನ್ನು ಚಿತ್ರದ ಅಂಚಿಗೆ ಸರಿಯಾಗಿ ಕತ್ತರಿಸುವುದು ಬಹಳ ಜನ ಮಾಡುವ ತಪ್ಪು. ಅಂಚಿನಲ್ಲೇ ಸಂಪಾದಕರ ಟಿಪ್ಪಣಿ, ಪುಟಸಂಖ್ಯೆ, ಅಳತೆಯ ಗುರುತು ಎಲ್ಲ ಇರುತ್ತದೆ. ಇಡೀ ಹಾಳೆ ಕಾಣಲಿ.

ಅಚ್ಚಾದ ಹಳೇ ಕಾಮಿಕ್ಸ್ ಪುಸ್ತಕ ತೆರೆದಿಡುವುದಾದರೆ ಅದನ್ನು ಚಪ್ಪಟೆಯಾಗಿ ಒತ್ತಬೇಡ. ನ್ಯೂಸ್‌ಪ್ರಿಂಟ್‌ನಲ್ಲಿ ಮರದ ಲಿಗ್ನಿನ್ ಎಂಬ ಅಂಶ ಹಾಗೇ ಉಳಿದಿರುತ್ತದೆ, ಅದರಿಂದ ಕಾಗದ ಹಳದಿಯಾಗಿ, ಆಮ್ಲೀಯವಾಗಿ, ಕೊನೆಗೆ ಹಪ್ಪಳದಂತೆ ಮುರಿಯುತ್ತದೆ. ಪಿನ್ನು ತುಕ್ಕು ಹಿಡಿದ ಕಡೆಯಂತೂ ಮುಟ್ಟಿದರೆ ಹರಿಯುತ್ತದೆ. ಪುಸ್ತಕ ಎಷ್ಟು ಸಲೀಸಾಗಿ ತೆರೆಯುತ್ತದೋ ಅಷ್ಟೇ ಕೋನದ ಆಸರೆ ಮಾಡಿ ಕೂರಿಸು.

ಎತ್ತರದ ವಿಷಯದಲ್ಲಿ ಪೇಂಟಿಂಗ್ ಪ್ರದರ್ಶನದ ಲೆಕ್ಕ ಇಲ್ಲಿ ಹೊಂದುವುದಿಲ್ಲ. ಅಲ್ಲಿ ಚಿತ್ರದ ನಡುವನ್ನು ನೆಲದಿಂದ ಸುಮಾರು 150 ಸೆಂಟಿಮೀಟರ್‌ಗೆ ತರುತ್ತಾರೆ. ಕಾಮಿಕ್ಸ್ ಪುಟವನ್ನು ಓದಬೇಕು, ಹತ್ತಿರ ಹೋಗಬೇಕು, ಮಕ್ಕಳೂ ಬರುತ್ತಾರೆ. 135ಕ್ಕೆ ಇಳಿಸು. ಒಂದು ಪುಟಕ್ಕೆ ಒಂದು ನಿಮಿಷ ಹಿಡಿದರೂ 60 ಪುಟಕ್ಕೆ ಒಂದು ಗಂಟೆ ನಿಂತೇ ಓದಬೇಕು. ನನ್ನನ್ನು ಕೇಳಿದರೆ 40ಕ್ಕೆ ನಿಲ್ಲಿಸು, ನಡುವೆ ಎರಡು ಬೆಂಚು ಹಾಕು. ಮಂಗಾ, ಅಂದರೆ ಜಪಾನಿನ ಕಾಮಿಕ್ಸ್, ಓದುವುದೇ ಬಲದಿಂದ ಎಡಕ್ಕೆ. ಅದರ ಪುಟಗಳಿದ್ದರೆ ಹಾಗೇ ಬಲದಿಂದ ಎಡಕ್ಕೆ ತೂಗುಹಾಕು, ಜನ ಆ ಗೋಡೆಯನ್ನು ಬಲತುದಿಯಿಂದ ಮುಟ್ಟುವ ಹಾಗೆ ದಾರಿ ಮಾಡು. ಇಲ್ಲದಿದ್ದರೆ ಎಲ್ಲರೂ ಕೊನೆಯ ಪುಟ ಮೊದಲು ಓದಿ ಮುಖ ಗಂಟಿಕ್ಕಿಕೊಂಡು ಹೋಗುತ್ತಾರೆ. ಅಲ್ಲೇ ಓದುವುದಕ್ಕೆ ಪುಸ್ತಕಗಳನ್ನೂ ಇಡು. ಕ್ಯೋಟೋದ ಅಂತರರಾಷ್ಟ್ರೀಯ ಮಂಗಾ ಮ್ಯೂಸಿಯಂ 2006ರಲ್ಲಿ ಹಳೇ ಪ್ರಾಥಮಿಕ ಶಾಲೆಯ ಕಟ್ಟಡದಲ್ಲಿ ಶುರುವಾದದ್ದು. ಅಲ್ಲಿ ಸುಮಾರು 50,000 ಪುಸ್ತಕಗಳ ಕಪಾಟು 200 ಮೀಟರ್ ಉದ್ದಕ್ಕೆ ಹಬ್ಬಿದೆ, ಯಾವುದನ್ನಾದರೂ ತೆಗೆದುಕೊಂಡು ಎಲ್ಲಾದರೂ ಕೂತು ಓದಬಹುದು. ಆ ಔದಾರ್ಯದ ಮುಂದೆ ಬೇರೆ ಮ್ಯೂಸಿಯಂಗಳ ಟಚ್ ಸ್ಕ್ರೀನುಗಳೆಲ್ಲ ಸಪ್ಪೆ.

ಸೆಲ್‌ಗಳದ್ದು ಇನ್ನೊಂದೇ ಲೋಕ. ಪಾರದರ್ಶಕ ಹಾಳೆ, ಮುಂದೆ ಗೆರೆ, ಹಿಂದೆ ಬಣ್ಣ, ಒಂದು ತುದಿಯಲ್ಲಿ ಪೆಗ್‌ಗೆ (ಹಾಳೆ ಅಲುಗದಂತೆ ಹಿಡಿಯುವ ಗೂಟಕ್ಕೆ) ಸಿಕ್ಕಿಸುವ ತೂತು: ನಡುವೆ ಒಂದು ದುಂಡಗಿನದು, ಆಚೆ ಈಚೆ ಎರಡು ಉದ್ದನೆಯವು. ಆ ತೂತಿರುವ ಅಂಚನ್ನು ಫ್ರೇಮಿನಲ್ಲಿ ಮುಚ್ಚಬೇಡ. ಒಂದೇ ದೃಶ್ಯಕ್ಕೆ ಮೂರು ನಾಲ್ಕು ಸೆಲ್ ಒಂದರ ಮೇಲೊಂದು ಇಟ್ಟು ಫೋಟೋ ತೆಗೆಯುತ್ತಿದ್ದರು. ಹಾಳೆ ಪೂರ್ತಿ ತಿಳಿಯಲ್ಲವಾದ್ದರಿಂದ ಕೆಳಗಿನ ಪದರದ ಬಣ್ಣ ಸ್ವಲ್ಪ ಮಂಕಾಗಿ ಕಾಣುತ್ತದೆ. ಅದನ್ನು ಸರಿದೂಗಿಸಲು ಕೆಳಗಿನ ಸೆಲ್‌ಗೆ ಅದೇ ಬಣ್ಣದ ಒಂದು ಛಾಯೆ ತಿಳಿಯಾದದ್ದನ್ನು ಬಳಿಯುತ್ತಿದ್ದರು. ಪಾತ್ರವೊಂದು ಆಚೆ ಹೋದಾಗ ಅದರ ಜಾಗದಲ್ಲಿ ಖಾಲಿ ಸೆಲ್ ಇಡುತ್ತಿದ್ದರು, ಪದರದ ಲೆಕ್ಕ ತಪ್ಪಿದರೆ ತೆರೆಯ ಮೇಲೆ ಬಣ್ಣ ಒಮ್ಮೆಗೇ ಜಿಗಿಯುತ್ತದೆ. ಹಾಗಾಗಿ ಒಂದೇ ಅಂಗಿ ಎರಡು ಸೆಲ್‌ಗಳಲ್ಲಿ ಎರಡು ಬಣ್ಣ ಕಂಡರೆ ಮಾಸಿದೆ ಎಂದು ತೀರ್ಮಾನಿಸುವ ಮುಂಚೆ ಅದು ಎಷ್ಟನೇ ಪದರ ಎಂದು ಕೇಳು.

ಹಳೆಯ ಸೆಲ್ ಕೈಗೆ ಬಂದ ಕೂಡಲೇ ಮೂಸಿ ನೋಡು. ವಿನಿಗರ್‌ನ ಹುಳಿ ವಾಸನೆ ಬಂದರೆ ಹಾಳೆಯ ಪ್ಲಾಸ್ಟಿಕ್, ಅಂದರೆ ಸೆಲ್ಯುಲೋಸ್ ಅಸಿಟೇಟ್, ಕೊಳೆಯತೊಡಗಿದೆ. ಹೊರಬರುವ ಆಮ್ಲವೇ ಮತ್ತಷ್ಟು ಕೊಳೆಸುತ್ತದೆ, ಪಕ್ಕದ ಸೆಲ್‌ಗೂ ಹತ್ತುತ್ತದೆ. ಅದನ್ನು ಬೇರೆಯಿಡು, ಗಾಳಿಯಾಡದಂತೆ ಪ್ಲಾಸ್ಟಿಕ್‌ನಲ್ಲಿ ಮುಚ್ಚಬೇಡ. ಮೂಗನ್ನಷ್ಟೇ ನಂಬಬೇಡ, ನೀಲಿಯಿಂದ ಹಸಿರಿಗೆ, ಹಸಿರಿಂದ ಹಳದಿಗೆ ತಿರುಗುವ ಪರೀಕ್ಷಾ ಪಟ್ಟಿಗಳು ಸಿಗುತ್ತವೆ. ಅದಕ್ಕೂ ಹಳೆಯ ಸೆಲ್‌ಗಳು ಸೆಲ್ಯುಲೋಸ್ ನೈಟ್ರೇಟ್ ಎಂಬ ಪ್ಲಾಸ್ಟಿಕ್‌ನವಾಗಿದ್ದರೆ ಅವು ಬೇಗ ಹೊತ್ತಿಕೊಳ್ಳುತ್ತವೆ, ಅಂಥವನ್ನು ನಿನ್ನ ಪ್ರದರ್ಶನಕ್ಕೆ ತರಲೇಬೇಡ. ಹಿಂದಿನ ಬಣ್ಣಕ್ಕೆ ಕಾಗದ ತಾಗಿಸಿದರೆ ಅಂಟಿಕೊಳ್ಳುತ್ತದೆ, ಬಿಡಿಸಹೋದರೆ ಬಣ್ಣ ಚಕ್ಕೆಯಾಗಿ ಏಳುತ್ತದೆ. ಮುಂದೆ ಗಾಜಿಗೂ ಹಿಂದೆ ರಟ್ಟಿಗೂ ಸಂದು ಬಿಡು. ಎದ್ದ ಚಕ್ಕೆಯನ್ನು ಅಂಟು ಹಾಕಿ ಕೂರಿಸುವ ಸಾಹಸ ಬೇಡ, ಅದು ಸಂರಕ್ಷಕರ ಕೆಲಸ.

ವಸ್ತುವಿನ ಪಕ್ಕ ಹಾಕುವ ವಿವರದ ಚೀಟಿಯಲ್ಲಿ ಸತ್ಯ ಇರಲಿ. 1938ರಿಂದ ಡಿಸ್ನಿ ಸೆಲ್‌ಗಳನ್ನು ಮಾರುತ್ತಿದ್ದ ಕೂರ್ವಾಸಿಯೇ ಗ್ಯಾಲರಿ ಎಷ್ಟೋ ಸೆಲ್‌ಗಳಿಂದ ಪಾತ್ರವನ್ನು ಕತ್ತರಿಸಿ ಹೊಸ ಹಿನ್ನೆಲೆಯ ಮೇಲೆ ಕೂರಿಸಿತ್ತು. ನೋಡಲು ಚೆಂದ, ಆದರೆ ಸಿನಿಮಾದಲ್ಲಿ ಆ ಜೋಡಿ ಎಂದೂ ಇರಲಿಲ್ಲ. ಹಾಗೆಯೇ ಸಿನಿಮಾದ ಕಾಲ ನೋಡು. ಡಿಸ್ನಿ 1990ರಿಂದ ತನ್ನ ಪೂರ್ಣಾವಧಿ ಚಿತ್ರಗಳ ಬಣ್ಣವನ್ನು ಕಂಪ್ಯೂಟರಿಗೆ ಒಪ್ಪಿಸಿತು, ಆನಂತರದ ಚಿತ್ರದ ‘ಸೆಲ್’ ಎಂದು ಯಾರಾದರೂ ತಂದರೆ ಅದು ಅಂಗಡಿಗೆಂದು ಮಾಡಿದ್ದು. ಜಪಾನಿನಲ್ಲಿ ಮಾತ್ರ ಒಂದು ಟಿವಿ ಸರಣಿ 2013ರವರೆಗೂ ಸೆಲ್ ಬಿಡಲಿಲ್ಲ.

ಚಿತ್ರ ಕುಣಿಯುವ ಡಬ್ಬಿ, ಅಂದರೆ ಝೋಟ್ರೋಪ್, ನಿನ್ನ ಪ್ರದರ್ಶನದ ಮುಖ್ಯ ಆಕರ್ಷಣೆ. ಅದಕ್ಕೆ ಮನಸ್ಸು ಕೊಡು. 30 ಸೆಂಟಿಮೀಟರ್ ವ್ಯಾಸದ ಡಬ್ಬಿಯ ಒಳಸುತ್ತು ಸುಮಾರು 94 ಸೆಂಟಿಮೀಟರ್. 12 ಚಿತ್ರ ಅಂದರೆ ಒಂದೊಂದಕ್ಕೆ 7.8 ಸೆಂಟಿಮೀಟರ್. ಪಟ್ಟಿ ಕೆಳಗೆ, ಅದರ ಮೇಲ್ಭಾಗದಲ್ಲಿ 12 ಸೀಳು, ಒಂದೊಂದೂ 3ರಿಂದ 4 ಮಿಲಿಮೀಟರ್ ಅಗಲ. ಸೀಳು ಅಗಲವಾದರೆ ಚಿತ್ರ ಕಲಸುತ್ತದೆ, ಕಿರಿದಾದರೆ ಕತ್ತಲಾಗುತ್ತದೆ. ಡಬ್ಬಿಯ ಹೊರಗೆ ಹೊಳಪಿಲ್ಲದ ಕಪ್ಪು ಬಣ್ಣ, ಬೆಳಕು ಮೇಲಿಂದ ಒಳಕ್ಕೆ. ಸೆಕೆಂಡಿಗೆ ಒಂದು ಸುತ್ತು ಸಾಕು. ಸೀಳಿನಿಂದ ನೋಡುವಾಗ ಚಿತ್ರ ಅಡ್ಡಕ್ಕೆ ತೆಳ್ಳಗಾಗುತ್ತದೆ, ಅದಕ್ಕೆ ಚೆಂಡನ್ನು ದುಂಡಗೆ ಬರೆಯದೆ ತುಸು ಅಡ್ಡಲಾಗಿ ಹಿಗ್ಗಿಸಿ ಬರೆ. ಇನ್ನೊಂದು ಮಜಾ: 12 ಸೀಳಿಗೆ 13 ಚಿತ್ರ ಹಾಕಿದರೆ ಇಡೀ ಸಾಲು ಡಬ್ಬಿ ತಿರುಗುವ ಕಡೆಗೇ ಮೆಲ್ಲಗೆ ನಡೆಯುತ್ತದೆ, 11 ಹಾಕಿದರೆ ಹಿಂದಕ್ಕೆ. ಮಕ್ಕಳಿಗೆ ಮೂರೂ ಪಟ್ಟಿ ಕೊಟ್ಟು ಯಾಕೆ ಹೀಗೆ ಎಂದು ಕೇಳು.

ಜಪಾನಿನ ಮಿತಾಕಾದಲ್ಲಿ ಘಿಬ್ಲಿ ಎಂಬ ಅನಿಮೇಶನ್ ಸ್ಟುಡಿಯೋದ ಮ್ಯೂಸಿಯಂ ಇದೆ, ಅಲ್ಲಿರುವುದು ಗೊಂಬೆಗಳ ಝೋಟ್ರೋಪ್. ಸೀಳಿಲ್ಲ, ಬದಲಿಗೆ ಮಿನುಗುವ ದೀಪ. ತಟ್ಟೆಯ ಸುತ್ತ 18 ಗೊಂಬೆ, ಸೆಕೆಂಡಿಗೆ ಒಂದು ಸುತ್ತು ಎಂದಿಟ್ಟುಕೋ, ದೀಪ ಸೆಕೆಂಡಿಗೆ ಸರಿಯಾಗಿ 18 ಸಲ ಮಿನುಗಬೇಕು. ಕೂದಲೆಳೆ ತಪ್ಪಿದರೂ ಗೊಂಬೆಗಳೆಲ್ಲ ಪಕ್ಕಕ್ಕೆ ಜಾರತೊಡಗುತ್ತವೆ. ನೀನು ಇದನ್ನು ಮಾಡುವುದಾದರೆ ಅಪಸ್ಮಾರ ಇರುವವರಿಗೆ ಅಪಾಯ ಎಂಬ ಫಲಕ ಕೋಣೆಯ ಹೊರಗೇ ಇರಬೇಕು, ದೀಪದ ಪಕ್ಕದಲ್ಲಲ್ಲ.

ಅಂದ ಹಾಗೆ ಅಪ್ಪ ಎಂದಾದರೂ ಜಪಾನಿಗೆ ಹೋಗುವ ಮನಸ್ಸು ಮಾಡಿದರೆ ಹೇಳು: ಘಿಬ್ಲಿ ಮ್ಯೂಸಿಯಂನ ಬಾಗಿಲಲ್ಲಿ ಟಿಕೆಟ್ ಕೊಡುವುದಿಲ್ಲ. ಪ್ರತಿ ತಿಂಗಳ 10ರಂದು ಮುಂದಿನ ತಿಂಗಳಿನವು ಬಿಡುಗಡೆಯಾಗುತ್ತವೆ, ಬೇಗ ಖಾಲಿಯಾಗುತ್ತವೆ. ಒಳಗೆ ಫೋಟೋ ತೆಗೆಯುವಂತಿಲ್ಲ. ಒಳಹೋಗುವಾಗ ಕೊಡುವ ಚೀಟಿಯಲ್ಲಿ ಸಿನಿಮಾ ಫಿಲ್ಮಿನ ಒಂದು ತುಣುಕು ಇರುತ್ತದೆ, ಬೆಳಕಿಗೆ ಹಿಡಿದು ನೋಡಬೇಕು. ಬಿಸಾಡುವ ವಸ್ತುವಿನ ಬಗ್ಗೆ ಅಪ್ಪನ ಜತೆ ಆ ತುಣುಕು ಹಿಡಿದುಕೊಂಡೇ ವಾದ ಮಾಡಬಹುದು.

ಪಟ್ಟಿಯ ಅಳತೆ ಬರೆದು ಕಳಿಸು, ಸೀಳು ಕತ್ತರಿಸುವ ಮುಂಚೆ ಒಮ್ಮೆ ಲೆಕ್ಕ ನೋಡಿಕೊಡುತ್ತೇನೆ.

ನಿನ್ನ
ಅಣ್ಣ