ಶಾಖೆ ಮುಚ್ಚಿದರೆ ದೂರು ಯಾರಿಗೆ ಕೊಡಲಿ? ಕೇಂದ್ರ ಹಣಕಾಸು ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶ್ರೀಮತಿ ನಿರ್ಮಲಾ ಸೀತಾರಾಮನ್ ಅವರಿಗೆ ನಮಸ್ಕಾರಗಳು.

ತಾವು ಕರ್ನಾಟಕದಿಂದ ಎರಡು ಬಾರಿ ರಾಜ್ಯಸಭೆಗೆ ಆಯ್ಕೆಯಾದವರು. ಆ ಸಲಿಗೆಯಿಂದಲೇ ಕರಾವಳಿಯ ಒಬ್ಬ ಬ್ಯಾಂಕ್ ಗ್ರಾಹಕನಾಗಿ ಬರೆಯುತ್ತಿದ್ದೇನೆ.

2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್, ಬ್ಯಾಂಕ್ ಆಫ್ ಬರೋಡಾದೊಳಗೆ ವಿಲೀನವಾಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಮೂರೂ ನಮ್ಮ ಮಂಗಳೂರು, ಉಡುಪಿಯಲ್ಲಿ ಹುಟ್ಟಿದವು. ಹೆಸರು ಹೋದ ಬೇಸರ ಹೇಗೋ ನುಂಗಿಕೊಂಡೆವು. ಆದರೆ ಎದುರುಬದುರಿದ್ದ ಶಾಖೆಗಳು ಒಂದಾಗಿ, ಪಾಸ್‌ಬುಕ್ ಎಂಟ್ರಿಗೂ ಸರತಿ ನಿಲ್ಲುವ ಹಾಗಾಗಿದೆ. ಕೇಳಿದರೆ, "ಆ್ಯಪ್‌ನಲ್ಲೇ ನೋಡಿಕೊಳ್ಳಿ" ಎನ್ನುತ್ತಾರೆ.

ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು, ಏಜೆಂಟರು ಮನೆಬಾಗಿಲಿಗೇ ಬರುತ್ತಿದ್ದರು. ಬೀಡಿ ಕಟ್ಟುವವರು, ಮೀನು ಮಾರುವವರು ಅವರ ಕೈಗೆ ಧೈರ್ಯವಾಗಿ ದುಡ್ಡು ಕೊಟ್ಟದ್ದು, ಹೆಚ್ಚುಕಮ್ಮಿಯಾದರೆ ಹೋಗಿ ಕೇಳಲು ಪೇಟೆಯಲ್ಲೊಂದು ಶಾಖೆ ಇದೆ ಎಂಬ ಭರವಸೆಯಿಂದ. ಆನ್‌ಲೈನ್ ವ್ಯವಹಾರಕ್ಕೂ ಈ ಭರವಸೆ ಬೇಕು, ಮೇಡಂ. ಶಾಖೆಗಳನ್ನು ಕಡಿಮೆ ಮಾಡುತ್ತಾ ನಾವು ಅದನ್ನೇ ಕಳೆದುಕೊಳ್ಳುತ್ತಿದ್ದೇವೆ.

ಒಟಿಪಿ ಹೇಳಬೇಡಿ, ಲಿಂಕ್ ಒತ್ತಬೇಡಿ ಎಂದು ಎಚ್ಚರಿಸುತ್ತೀರಿ, ಸರಿ. ಆದರೆ 2023ರಲ್ಲಿ ಮಂಗಳೂರು, ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದವರ ಖಾತೆಯಿಂದ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ಹೋಯಿತಲ್ಲ? ನೋಂದಣಿ ದಾಖಲೆಗಳಲ್ಲಿದ್ದ ಬೆರಳಚ್ಚುಗಳೇ ಕಳ್ಳರ ಕೈಸೇರಿದ್ದವು. ಒಟಿಪಿಯ ಮಾತೇ ಅಲ್ಲಿರಲಿಲ್ಲ. ಸ್ಮಾರ್ಟ್‌ಫೋನ್ ಮುಟ್ಟದವರೂ ಹಣ ಕಳೆದುಕೊಳ್ಳಬಹುದಾದ ದಾರಿ ಅದು.

ನನಗೆ ಪರಿಚಯದ ನಿವೃತ್ತ ಶಿಕ್ಷಕಿಯೊಬ್ಬರ ಪಿಂಚಣಿ ಹಣವೂ ಹೀಗೇ ಹೋಯಿತು. ಬೆಳಿಗ್ಗೆ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋದರೆ ಶಟರ್ ಎಳೆದಿತ್ತು, ಮೇಲೆ ಸ್ಥಳಾಂತರದ ಚೀಟಿ. ಬಸ್ಸು ಹತ್ತಿ ಪಕ್ಕದ ಊರಿನ ಶಾಖೆ ಸೇರಿದರು. ಅಲ್ಲಿ ಅವರ ಅರ್ಜಿ ತೆಗೆದುಕೊಳ್ಳಲಿಲ್ಲ. ನಂಬರ್ ಬರೆದುಕೊಟ್ಟು ಕಾಲ್ ಸೆಂಟರಿಗೆ ಹೇಳಿ ಎಂದರು. ಒಂದು ಒತ್ತಿ, ಎರಡು ಒತ್ತಿ ಎನ್ನುವ ಆ ಧ್ವನಿಗೆ ತಮ್ಮ ಕಷ್ಟ ಹೇಳುವುದಾದರೂ ಹೇಗೆ?

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಇಂಥವರಿಗಾಗಿಯೇ ಬಂದದ್ದು. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ ಎಂದಾದಾಗ, ಮಾಹಿತಿ ಸಿಕ್ಕ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ನಷ್ಟದ ಹೊಣೆ ಗ್ರಾಹಕರ ಮೇಲಿಲ್ಲ. ಹತ್ತು ಕೆಲಸದ ದಿನಗಳಲ್ಲಿ ಮೊತ್ತವನ್ನು ಖಾತೆಗೆ ಜಮಾ ಮಾಡಬೇಕು. ಗ್ರಾಹಕರದೇ ತಪ್ಪು ಎನ್ನುವುದಾದರೆ ಅದನ್ನು ಸಾಬೀತು ಮಾಡಬೇಕಾದ್ದು ಬ್ಯಾಂಕು. ಇಷ್ಟು ಒಳ್ಳೆಯ ನಿಯಮ ಆ ಶಿಕ್ಷಕಿಗೆ ಗೊತ್ತೇ ಇರಲಿಲ್ಲ, ಕೌಂಟರಿನವರೂ ಹೇಳಲಿಲ್ಲ. ಮೂರು ದಿನದ ಗಡುವಿನಲ್ಲಿ ಒಂದು ದಿನ ಅಲೆದಾಟಕ್ಕೇ ಹೋಯಿತು.

ಹಾಗಾಗಿ ಶಾಖೆ ಎತ್ತಂಗಡಿಯಾದ ಪ್ರತಿ ಊರಲ್ಲೂ, ಪಂಚಾಯಿತಿ ಕಟ್ಟಡದ ಒಂದು ಕೋಣೆಯಲ್ಲಾದರೂ ಸರಿ, ಕನ್ನಡ ಬಲ್ಲ ಒಬ್ಬ ಬ್ಯಾಂಕ್ ನೌಕರರನ್ನು ಕೂರಿಸಿ. ಖಾತೆಯನ್ನು ತಕ್ಷಣ ತಡೆಹಿಡಿಯುವ, ದೂರು ಪಡೆದು ಸೀಲು ಒತ್ತಿದ ಪ್ರತಿ ಕೊಡುವ ಅಧಿಕಾರ ಅವರಿಗಿರಲಿ. ಕಮಿಷನ್ ಮೇಲೆ ದುಡಿಯುವ ಪ್ರತಿನಿಧಿಗಳ ತಲೆಗೆ ಇದನ್ನು ಕಟ್ಟಬೇಡಿ. ಮೇಲಿನ ನಿಯಮವನ್ನು ಪ್ರತಿ ಕೌಂಟರಿನಲ್ಲೂ ಕನ್ನಡದಲ್ಲಿ, ವಯಸ್ಸಾದವರ ಕಣ್ಣಿಗೂ ಕಾಣುವಷ್ಟು ದಪ್ಪಕ್ಷರದಲ್ಲಿ ಹಾಕಿಸಿ. ಸಾರ್ವಜನಿಕ ರಂಗದ ಬ್ಯಾಂಕುಗಳ ಮಟ್ಟಿಗೆ ಇದಕ್ಕೆ ಹೊಸ ಕಾನೂನು ಬೇಕಿಲ್ಲ, ನಿಮ್ಮ ಸಚಿವಾಲಯದ ಒಂದು ಪತ್ರ ಸಾಕು. ಆ ಪತ್ರ ಹೊರಡುವವರೆಗಾದರೂ ನಮ್ಮ ಜಿಲ್ಲೆಗಳಲ್ಲಿ ಇನ್ನೊಂದು ಶಾಖೆ ಮುಚ್ಚಲು ಬಿಡಬೇಡಿ.

ಇತಿ,
ಕರಾವಳಿಯ ಒಬ್ಬ ಬ್ಯಾಂಕ್ ಗ್ರಾಹಕ