ನೀನು ಕಳಿಸಿದ ಮೀನೆಣ್ಣೆ ಡಬ್ಬಿ

ಪುಟ್ಟಿ,

ನೀನು ಪುಣೆಯಿಂದ ಕಳಿಸಿದ ಮೀನೆಣ್ಣೆ ಕ್ಯಾಪ್ಸೂಲ್ ಡಬ್ಬಿ ಬಂದು ತಿಂಗಳಾಯ್ತು. ಸೀಲ್ ಇನ್ನೂ ಒಡೆದಿಲ್ಲ. ಫೋನಿನಲ್ಲಿ "ತಗೊಳ್ತಿದೀನಿ" ಅಂದಿದ್ದು ಸುಳ್ಳು. ಬೈಯಬೇಡ, ಪೂರ್ತಿ ಓದು.

ಯುಗಾದಿ ಆದ ವಾರಕ್ಕೆ ಶುಗರ್ ನೋಡಿಸೋಣ ಅಂತ ರಕ್ತ ಕೊಟ್ಟಿದ್ದೆ. ಲ್ಯಾಬ್ ಹುಡುಗ ಫೋನ್ ಮಾಡಿ ಮತ್ತೆ ಕರೆದ. ಹೋದರೆ ಒಂದು ಟ್ಯೂಬ್ ಎತ್ತಿ ತೋರಿಸಿದ. ಕೆಳಗೆ ಕೆಂಪು. ಮೇಲೆ ತಿಳಿ ಹಳದಿ ನೀರು ಇರಬೇಕಾದ ಕಡೆ ಹಾಲು! ನಿಮ್ಮಮ್ಮ ಕಾಫಿಗೆ ಹಾಕುತ್ತಾಳಲ್ಲ, ಅಷ್ಟು ಬಿಳಿ. "ರಾತ್ರಿ ಏನ್ ತಿಂದಿದ್ರಿ ಸಾರ್?" ಅಂದ. ಮಿಕ್ಕಿದ್ದ ಹೋಳಿಗೆ, ತುಪ್ಪ. ಹನ್ನೆರಡು ಗಂಟೆ ಉಪವಾಸವಿದ್ದು ಮತ್ತೆ ಕೊಟ್ಟೆ. ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿರುವ ಕೊಬ್ಬು, 1,240. ಇರಬೇಕಾದ್ದು 150ರ ಒಳಗೆ. ಎಲ್‌ಡಿಎಲ್ ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಅದರ ಮುಂದೆ ನಂಬರೇ ಇಲ್ಲ, ಬರೀ ಗೆರೆ. ಅದನ್ನು ಲೆಕ್ಕ ಹಾಕಿ ಬರೆಯುತ್ತಾರಂತೆ, ಟ್ರೈಗ್ಲಿಸರೈಡ್ 400 ದಾಟಿದರೆ ಆ ಲೆಕ್ಕ ಸರಿ ಬರಲ್ಲವಂತೆ.

ನಾನು ಹಾರ್ಟಿಗೆ ಹೆದರಿಕೊಂಡು ಹೋದರೆ, ಡಾಕ್ಟರು ಹೊಟ್ಟೆ ವಿಚಾರಿಸಿದರು. ಮೇಲ್ಹೊಟ್ಟೆಯಲ್ಲಿ ನೋವು ಬಂದು ಬೆನ್ನಿಗೆ ಹೊಡೆದಿದೆಯಾ, ವಾಂತಿ ಆಗಿದೆಯಾ ಅಂತ. 500 ದಾಟಿದ ಮೇಲೆ ಮೊದಲ ಚಿಂತೆ ಹೊಟ್ಟೆಯ ಮೇದೋಜೀರಕ ಗ್ರಂಥಿ, ಅಂದರೆ ಪ್ಯಾಂಕ್ರಿಯಾಸ್‌ದಂತೆ. 1,000 ದಾಟಿದರೆ ಅದು ಊದಿಕೊಳ್ಳುವ ಭಯ ಜಾಸ್ತಿ. ಆಗ ನನಗೆ ನಿನ್ನ ದೊಡ್ಡಪ್ಪ ನೆನಪಾದ. ನೀನು ಶಾಲೆಯಲ್ಲಿದ್ದಾಗ ಹೊಟ್ಟೆ ಹಿಡಿದುಕೊಂಡು ಒದ್ದಾಡಿದ. ಗ್ಯಾಸ್ ಅಂತ ಇಡೀ ದಿನ ಸೋಡಾ ಕುಡಿಸಿದೆವು. ಆಮೇಲೆ ಒಂಬತ್ತು ದಿನ ಐಸಿಯು. ಅದೂ ಪ್ಯಾಂಕ್ರಿಯಾಸೇ. ಅವನ ರಕ್ತ ಹಾಲಾಗಿತ್ತಾ ಅಂತ ನಾವ್ಯಾರೂ ಕೇಳಲಿಲ್ಲ.

ಥೈರಾಯ್ಡ್, ಕಿಡ್ನಿಯ ಕ್ರಿಯಾಟಿನಿನ್, ಲಿವರ್ ಎಲ್ಲ ನೋಡಿ, ಪಿತ್ತಕೋಶದಲ್ಲಿ ಕಲ್ಲಿಲ್ಲ ಅಂತ ಖಾತ್ರಿ ಮಾಡಿಕೊಂಡು, ಟ್ರೈಗ್ಲಿಸರೈಡ್ ಇಳಿಸುವ ಫೆನೋಫೈಬ್ರೇಟ್ 160 ಬರೆದರು. ದಿನಕ್ಕೊಂದು, ಊಟದ ಜೊತೆ. ಶುಗರ್ ಹತೋಟಿ ತಪ್ಪಿತ್ತು, ಅದರ ಮಾತ್ರೆ ಬದಲಾಯ್ತು. ಹಾರ್ಟಿಗೆ ಅಂತ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಕೂಡ. ಮೈಕೈ ವಿಪರೀತ ನೋವು ಬಂದರೆ, ಮೂತ್ರ ಕಪ್ಪಗೆ ಬಂದರೆ ಕಾಯದೆ ಬನ್ನಿ ಅಂದಿದ್ದಾರೆ. ಪಕ್ಕದ ಮನೆಯವರು "ನಂದೂ ಟ್ರೈಗ್ಲಿಸರೈಡ್ ಮಾತ್ರೇನೇ, ಇದು ಚೆನ್ನಾಗಿದೆ" ಅಂತ ಜೆಮ್‌ಫೈಬ್ರೋಜಿಲ್ ಕೊಡಲು ಬಂದಿದ್ದರು. ಸ್ಟ್ಯಾಟಿನ್ ಜೊತೆ ಅದು ಬೇಡವೇ ಬೇಡ, ಸ್ನಾಯುಗಳಿಗೆ ಕುತ್ತು. ನೋಡು, ಮಾತ್ರೆಯನ್ನೂ ಕರಿಬೇವಿನ ಹಾಗೆ ಕೊಟ್ಟು ತಗೊಳ್ಳುವ ಬೀದಿ ನಮ್ಮದು.

ಈಗ ನಿನ್ನ ಡಬ್ಬಿ ವಿಷಯ. ಮೀನು ಮುಟ್ಟದ ಮನೆಗೆ ಮೀನೆಣ್ಣೆ ಬಂತು ಅಂತ ಅಜ್ಜಿ ಗೊಣಗಿದ್ದು ನಿಜ, ಆದರೆ ಕಾರಣ ಅದಲ್ಲ. ಡಬ್ಬಿಯ ಮುಂದೆ 1,000 ಮಿಲಿಗ್ರಾಂ ಅಂತಿದೆ. ಹಿಂದೆ ತಿರುಗಿಸಿ ಕನ್ನಡಕ ಹಾಕಿಕೊಂಡು ಓದಿದೆ. ಇಪಿಎ 180, ಡಿಎಚ್‌ಎ 120. ಕೆಲಸ ಮಾಡುವ ಒಮೆಗಾ-3 ಅಷ್ಟೇ, ಒಟ್ಟು 300. ಮಿಕ್ಕಿದ್ದೆಲ್ಲ ಬೇರೆ ಕೊಬ್ಬು. ಟ್ರೈಗ್ಲಿಸರೈಡ್ ಇಳಿಸಲು ಡಾಕ್ಟರು ಚೀಟಿ ಬರೆದು ಕೊಡುವ ಶುದ್ಧ ಒಮೆಗಾ-3 ಔಷಧಿ ದಿನಕ್ಕೆ 4 ಗ್ರಾಂ. ಅದರಲ್ಲಿರುವಷ್ಟು ಸಿಗಬೇಕಾದರೆ ನಿನ್ನ ಡಬ್ಬಿಯಿಂದ ದಿನಕ್ಕೆ ಹತ್ತಕ್ಕಿಂತ ಹೆಚ್ಚು ನುಂಗಬೇಕು! ಕೊಬ್ಬು ಇಳಿಸಲು ಕೊಬ್ಬು ತಿಂದ ಹಾಗೆ. ಆ ಔಷಧಿಯನ್ನೂ ಸುಮ್ನೆ ಶುರು ಮಾಡುವಂತಿಲ್ಲ, ದೊಡ್ಡ ಡೋಸಿನಲ್ಲಿ ಕೆಲವರಿಗೆ ಎದೆಬಡಿತ ಏರುಪೇರಾಗುತ್ತದೆ. ಬೇಕಾದರೆ ಮುಂದೆ ಕೊಡುತ್ತೇನೆ ಅಂದಿದ್ದಾರೆ.

ಇನ್ನೊಂದು, ಶನಿವಾರದ ಎರಡು ಪೆಗ್. ಅಮ್ಮನಿಗೆ ಗೊತ್ತಿತ್ತು, ನಿನಗೆ ಗೊತ್ತಿರಲಿಲ್ಲ. ಬಿಟ್ಟೆ. ಅದಕ್ಕಿಂತ ಕಷ್ಟವಾಗಿದ್ದು ಬೆಣ್ಣೆ ದೋಸೆ. ದಾವಣಗೆರೆಯಲ್ಲಿ ಹುಟ್ಟಿದವನಿಗೆ ಹೇಳುವ ಮಾತಾ ಅದು? ನಾನು ಬರೀ ಎಣ್ಣೆ, ಬೆಣ್ಣೆ ಬಿಟ್ಟರೆ ಸಾಕು ಅಂದುಕೊಂಡಿದ್ದೆ. ಸಕ್ಕರೆ, ರಾಶಿ ಅನ್ನ, ಹಣ್ಣಿನ ಜ್ಯೂಸ್ ಕೂಡ ಲಿವರಿನಲ್ಲಿ ಇದೇ ಟ್ರೈಗ್ಲಿಸರೈಡ್ ಆಗುತ್ತದಂತೆ.

ಆರು ವಾರದ ಮೇಲೆ 410 ಬಂತು. ಲ್ಯಾಬ್ ಹುಡುಗ ಮತ್ತೆ ಟ್ಯೂಬ್ ತೋರಿಸಿದ. ಮಸುಕಾಗಿತ್ತು, ಹಾಲಿರಲಿಲ್ಲ. ಡಾಕ್ಟರು 500ರ ಕೆಳಗೆ ಬಂತಲ್ಲ, ಮಾತ್ರೆ ನಿಲ್ಲಿಸಬೇಡಿ ಅಂದರು.

ಫೋನಿನಲ್ಲಿ ಹೇಳಲಾಗದ್ದು ಇನ್ನೊಂದಿದೆ. ಇದಕ್ಕೇ ಪತ್ರ ಬರೆಯಲು ಕೂತಿದ್ದು. ನನಗೆ ಹೀಗಾಗಿದೆ, ದೊಡ್ಡಪ್ಪನಿಗೂ ಪ್ಯಾಂಕ್ರಿಯಾಸ್ ಊದಿತ್ತು, ಅದರಿಂದ ಇದು ವಂಶದಲ್ಲೇ ಇರಬಹುದು. ನೀನೂ ಒಮ್ಮೆ ಖಾಲಿ ಹೊಟ್ಟೆಯಲ್ಲಿ ರಕ್ತದ ಕೊಬ್ಬು ನೋಡುವ ಲಿಪಿಡ್ ಟೆಸ್ಟ್ ಮಾಡಿಸು. ಈಸ್ಟ್ರೋಜನ್ ಹಾರ್ಮೋನ್ ಇರುವ ಮಾತ್ರೆಗಳಿಂದಲೂ, ಬಸುರಿನಲ್ಲೂ ಇದು ಏರುತ್ತದೆ. ಅಂಥ ಮಾತ್ರೆ ಯಾರಾದರೂ ಬರೆದರೆ, ಅಥವಾ ಮುಂದೆ ನಿನಗೆ ಮಗುವಾಗುವ ಹೊತ್ತಿಗೆ, "ಅಪ್ಪನಿಗೆ 1,240 ಇತ್ತು" ಅಂತ ಡಾಕ್ಟರಿಗೆ ಹೇಳು. ಮಗಳ ಹತ್ತಿರ ಇದನ್ನೆಲ್ಲ ಮಾತಾಡಲು ನನಗೆ ಬಾಯಿ ಬರುವುದಿಲ್ಲ, ನಿನಗೆ ಗೊತ್ತಲ್ವಾ.

ರಿಪೋರ್ಟ್ ಬಂದ ದಿನ ಫೋಟೋ ಕಳಿಸು. ನನ್ನೆರಡೂ ರಿಪೋರ್ಟಿನ ಜೆರಾಕ್ಸ್ ಇದರ ಜೊತೆ ಇಟ್ಟಿದ್ದೇನೆ. ಡಬ್ಬಿ ಬೀರುವಿನಲ್ಲಿದೆ, ಬಂದಾಗ ತಗೊಂಡು ಹೋಗು.

ಅಪ್ಪ